ಉಸಿರು ಬಿಗಿಯುವ ರಕ್ತನಾಳದ ಉಂಗುರ

ಹಾಲು ಕುಡಿಯುವಾಗ ಮಗುವಿನ ಎದೆಯಿಂದ ಗೊರಗೊರ ಸದ್ದು. ಅತ್ತರೆ ಸದ್ದು ಇನ್ನೂ ಜೋರು. ಕೆಮ್ಮಿದರೆ ಕಂಚಿನ ಪಾತ್ರೆ ಬಡಿದಂತಹ ದನಿ. ಕಫ ಕಟ್ಟಿದೆ ಎನ್ನುತ್ತಾರೆ ಮನೆಯ ಹಿರಿಯರು. ಮೊದಲು ನೆಗಡಿಗೆ, ಬಳಿಕ ಉಬ್ಬಸಕ್ಕೆ ಔಷಧಿ ಬರೆದುಕೊಡುತ್ತಾರೆ ವೈದ್ಯರು. ಸಿರಪ್ ಬದಲಿಸಿದ್ದಾಯಿತು, ನೆಬ್ಯುಲೈಸರ್ ಹಿಡಿದದ್ದಾಯಿತು, ಸದ್ದು ಮಾತ್ರ ಹೋಗಲಿಲ್ಲ. ಇಂತಹ ಮಕ್ಕಳಲ್ಲಿ ಹೆಚ್ಚಿನವರಿಗೆ ಇರುವುದು ಸಾಮಾನ್ಯ ತೊಂದರೆಗಳೇ. ಆದರೆ ಕೆಲವರಲ್ಲಿ ದೋಷವಿರುವುದು ಶ್ವಾಸಕೋಶದಲ್ಲೂ ಅಲ್ಲ, ಗಂಟಲಿನಲ್ಲೂ ಅಲ್ಲ. ಹೃದಯದ ಬಳಿಯ ರಕ್ತನಾಳದಲ್ಲಿ. ಇದಕ್ಕೆ ವೈದ್ಯರು ಕೊಟ್ಟಿರುವ ಹೆಸರು ‘ವ್ಯಾಸ್ಕ್ಯುಲರ್ ರಿಂಗ್’, ಅಂದರೆ ರಕ್ತನಾಳದ ಉಂಗುರ.

ಹೃದಯದಿಂದ ಶುದ್ಧರಕ್ತವನ್ನು ದೇಹಕ್ಕೆಲ್ಲ ಒಯ್ಯುವ ಮಹಾಪಧಮನಿಯು ಮೇಲಕ್ಕೇರಿ, ಕಮಾನಿನಂತೆ ಬಾಗಿ, ಸಾಮಾನ್ಯವಾಗಿ ಶ್ವಾಸನಾಳದ ಎಡಬದಿಯಲ್ಲಿ ಕೆಳಗಿಳಿಯುತ್ತದೆ. ಭ್ರೂಣದ ಆರಂಭದ ವಾರಗಳಲ್ಲಿ ಇಂತಹ ಕಮಾನುಗಳು ಎಡಬಲಗಳಲ್ಲಿ ಜೋಡಿಜೋಡಿಯಾಗಿ ಮೂಡುತ್ತವೆ. ಬೇಡವಾದ ಭಾಗಗಳು ಕರಗಿ, ಬೇಕಾದವು ಉಳಿಯುತ್ತವೆ. ಕರಗಬೇಕಾದದ್ದು ಉಳಿದರೆ, ಇಲ್ಲವೇ ಉಳಿಯಬೇಕಾದದ್ದು ಕರಗಿದರೆ, ನಾಳಗಳ ದಾರಿಯೇ ಬದಲಾಗುತ್ತದೆ. ತಾಯಿ ಏನು ತಿಂದಳು, ಏನು ಮಾಡಿದಳು ಎಂಬ ವಿಚಾರಣೆಗೆ ಇಲ್ಲಿ ಅರ್ಥವಿಲ್ಲ. ಆದರೆ ಕೆಲವು ಮಕ್ಕಳಲ್ಲಿ 22ನೇ ವರ್ಣತಂತುವಿನ ಸಣ್ಣ ತುಣುಕೊಂದು ಇಲ್ಲದಿರುವುದರಿಂದ, ವೈದ್ಯರು ಅದರ ಪರೀಕ್ಷೆಯನ್ನೂ ಸೂಚಿಸಬಹುದು.

ಇವುಗಳಲ್ಲಿ ಹೆಚ್ಚು ಕಾಡುವುದು ಜೋಡಿ ಕಮಾನು. ಎಡ, ಬಲ ಎರಡೂ ಕಮಾನುಗಳು ಉಳಿದು, ಶ್ವಾಸನಾಳ ಮತ್ತು ಅನ್ನನಾಳಗಳನ್ನು ಸುತ್ತುವರಿದು ಹಿಂದೆ ಕೂಡಿಕೊಳ್ಳುತ್ತವೆ. ಇದರ ಲಕ್ಷಣಗಳು ಸಾಮಾನ್ಯವಾಗಿ ಮೊದಲ ಕೆಲವು ತಿಂಗಳುಗಳಲ್ಲೇ ಕಾಣಿಸಿಕೊಳ್ಳುತ್ತವೆ. ಕಮಾನು ಬಲಕ್ಕಿದ್ದು, ಎಡಗೈಗೆ ಹೋಗುವ ನಾಳ ಅನ್ನನಾಳದ ಹಿಂದಿನಿಂದ ಸಾಗುವುದು ಇನ್ನೊಂದು ಬಗೆ. ಅಲ್ಲಿ ಭ್ರೂಣಾವಸ್ಥೆಯ ನಾಳವೊಂದು ಮುಚ್ಚಿಹೋಗಿ ಉಳಿದ ತಂತು ಉಂಗುರವನ್ನು ಪೂರ್ಣಗೊಳಿಸುತ್ತದೆ. ಎಡ ಶ್ವಾಸಕೋಶಕ್ಕೆ ಹೋಗುವ ನಾಳವು ಬಲಗಡೆ ಹುಟ್ಟಿ, ಶ್ವಾಸನಾಳ ಮತ್ತು ಅನ್ನನಾಳಗಳ ನಡುವೆ ತೂರಿ ಬರುವುದು ಮತ್ತೊಂದು. ವಿರಳವಾದರೂ ಇದು ಗಂಭೀರ. ಏಕೆಂದರೆ ಶ್ವಾಸನಾಳವೇ ಕಿರಿದಾಗಿರುವುದು ಇದರ ಜೊತೆಗೆ ಸಾಮಾನ್ಯ.

ಉಬ್ಬಸದ ಸೀಟಿಯಂತಹ ಸದ್ದು ಮುಖ್ಯವಾಗಿ ಉಸಿರು ಬಿಡುವಾಗ ಕೇಳಿಸುತ್ತದೆ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಉಂಗುರದ ಸದ್ದು ಹುಟ್ಟಿದಂದಿನಿಂದ ಅಥವಾ ಅದರ ಆಸುಪಾಸಿನಿಂದಲೇ ಇದ್ದು, ಉಸಿರೆಳೆಯುವಾಗಲೂ ಬಿಡುವಾಗಲೂ ಕೇಳಿಸಬಹುದು. ಹಾಲೂಡುವಾಗ, ನೆಗಡಿಯಾದಾಗ ಹೆಚ್ಚುತ್ತದೆ. ಮಗು ಕತ್ತನ್ನು ಹಿಂದಕ್ಕೆ ಬಾಗಿಸಿ ಮಲಗುತ್ತದೆ, ಮುಂದಕ್ಕೆ ಬಾಗಿಸಿದರೆ ಕಷ್ಟಪಡುತ್ತದೆ. ಮತ್ತೆ ಮತ್ತೆ ಎದೆಯ ಸೋಂಕು. ಅನ್ನ, ರೊಟ್ಟಿಯಂತಹ ಗಟ್ಟಿ ಆಹಾರ ಆರಂಭಿಸಿದ ಮೇಲೆ ತುತ್ತು ಸಿಕ್ಕಿಕೊಳ್ಳುವುದು, ವಾಂತಿ, ಊಟಕ್ಕೆ ವಿಪರೀತ ಹೊತ್ತು. ‘ಹಟಮಾರಿ’ ಎಂದು ಬೈಸಿಕೊಳ್ಳುವ ಮಕ್ಕಳಲ್ಲಿ ಕೆಲವರಿಗಾದರೂ ಅದು ಹಟವಲ್ಲ. ಊಟದ ನಡುವೆ ಮಗು ನೀಲಿಗಟ್ಟಿದರೆ ಅಥವಾ ಕೆಲ ಕ್ಷಣ ಉಸಿರು ನಿಂತರೆ ಮರುದಿನದವರೆಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಹಾಗೆಂದು ಅನುಮಾನ ಬಂದ ಮಾತ್ರಕ್ಕೆ ಉಬ್ಬಸದ ಔಷಧಿಯನ್ನು ತಾವಾಗಿಯೇ ನಿಲ್ಲಿಸುವುದು ಅಪಾಯ.

ರೋಗ ಪತ್ತೆ ತಡವಾಗಲು ಕಾರಣವಿದೆ. ಹೃದಯದ ಬಡಿತ ಸರಿಯಾಗಿಯೇ ಕೇಳಿಸುತ್ತದೆ, ಮಗುವಿನ ಬಣ್ಣವೂ ಚೆನ್ನಾಗಿಯೇ ಇರುತ್ತದೆ. ಮೊದಲ ಸುಳಿವು ಸಾಮಾನ್ಯ ಎದೆಯ ಎಕ್ಸ್‌ರೇಯಲ್ಲೇ ಸಿಗಬಹುದು: ಕಮಾನು ಬಲಗಡೆ ಇರುವುದು ಅಥವಾ ಶ್ವಾಸನಾಳ ಒತ್ತಿದಂತಿರುವುದು. ಬೇರಿಯಂ ಕುಡಿಸಿ ತೆಗೆದ ಚಿತ್ರದಲ್ಲಿ ಅನ್ನನಾಳದ ಮೇಲೆ ನಾಳ ಒತ್ತಿದ ಗುರುತು ಕಾಣುತ್ತದೆ. ಎಕೋ ಪರೀಕ್ಷೆ ಹೃದಯದೊಳಗಿನ ಇತರ ದೋಷಗಳನ್ನು ತೋರಿಸುತ್ತದೆಯಾದರೂ, ರಕ್ತ ಹರಿಯದ ತಂತು ಅದಕ್ಕೆ ಗೋಚರಿಸದು. ಸ್ಪಷ್ಟ ಚಿತ್ರ ಕೊಡುವುದು ಸಿ.ಟಿ. ಆಂಜಿಯೋ ಅಥವಾ ಎಂ.ಆರ್‌.ಐ. ಇತ್ತೀಚೆಗೆ ಗರ್ಭಿಣಿಯರ ಸ್ಕ್ಯಾನಿಂಗ್‌ನಲ್ಲೇ ಇದು ಪತ್ತೆಯಾಗುವುದುಂಟು.

ಲಕ್ಷಣಗಳನ್ನು ಉಂಟುಮಾಡುವ ಉಂಗುರ ಔಷಧಿಗೆ ಬಗ್ಗುವುದಿಲ್ಲ. ಅದನ್ನು ಕತ್ತರಿಸಿಯೇ ಬಿಡಿಸಬೇಕು. 1945ರಲ್ಲಿ ಅಮೆರಿಕದ ಬಾಸ್ಟನ್‌ನ ಮಕ್ಕಳ ಶಸ್ತ್ರವೈದ್ಯ ರಾಬರ್ಟ್ ಗ್ರಾಸ್ ಈ ಶಸ್ತ್ರಚಿಕಿತ್ಸೆಯನ್ನು ಮೊದಲು ಯಶಸ್ವಿಯಾಗಿ ನಡೆಸಿದರು. ಎಡ ಪಕ್ಕೆಲುಬುಗಳ ನಡುವಿನಿಂದ ಪ್ರವೇಶಿಸಿ, ಜೋಡಿ ಕಮಾನಿನಲ್ಲಿ ಚಿಕ್ಕದನ್ನು, ಇತರೆಡೆ ತಂತುವನ್ನು ಬೇರ್ಪಡಿಸುತ್ತಾರೆ. ಹೃದಯವನ್ನು ತೆರೆಯುವ ಅಗತ್ಯವಿಲ್ಲ; ಹೃದಯ-ಶ್ವಾಸಕೋಶ ಯಂತ್ರವೂ ಸಾಮಾನ್ಯವಾಗಿ ಬೇಕಾಗದು. ಶ್ವಾಸನಾಳವನ್ನೇ ಅಗಲಗೊಳಿಸಬೇಕಾದ ಮಕ್ಕಳಲ್ಲಿ ಮಾತ್ರ ಶಸ್ತ್ರಚಿಕಿತ್ಸೆ ದೊಡ್ಡದು.

ಇಂತಹ ನಾಳದೋಷವಿದ್ದ ಎಲ್ಲರಿಗೂ ಕತ್ತರಿ ಬೇಕಿಲ್ಲ. ಬಲಗೈಯ ನಾಳ ಅನ್ನನಾಳದ ಹಿಂದೆ ಹಾದುಹೋಗುವ ಬಗೆಯು ಸುಮಾರು 100 ಜನರಲ್ಲಿ ಒಬ್ಬರಿಗೆ ಇರುತ್ತದೆ. ಅದು ಪೂರ್ಣ ಉಂಗುರವಲ್ಲ; ಬಹುತೇಕರಿಗೆ ಅದು ಇರುವುದೇ ಜೀವಮಾನದಲ್ಲಿ ತಿಳಿಯದು. ಕೆಲವರಿಗೆ ಮಾತ್ರ, ವಯಸ್ಸಾಗಿ ನಾಳ ಗಡುಸಾದ ಮೇಲೆ, ನುಂಗಲು ತೊಡಕಾಗುತ್ತದೆ. 18ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಡೇವಿಡ್ ಬೇಫರ್ಡ್, ವರ್ಷಗಟ್ಟಲೆ ನುಂಗಲಾರದೆ ನರಳಿ ಸತ್ತ ಮಹಿಳೆಯೊಬ್ಬಳ ದೇಹದಲ್ಲಿ ಈ ನಾಳವನ್ನು ಕಂಡುದನ್ನು ಬರೆದಿಟ್ಟ. ಪ್ರಕೃತಿಯ ಚೇಷ್ಟೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದ ‘ಡಿಸ್ಫೇಜಿಯ ಲುಸೋರಿಯ’ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ.

ಉಂಗುರ ಬಿಡಿಸಿಕೊಂಡ ಮಕ್ಕಳ ಪೋಷಕರು ಗಾಬರಿಯಾಗುವುದು ಮನೆಗೆ ಬಂದ ಮೇಲೆ. ಸದ್ದು ಇನ್ನೂ ಇದೆಯಲ್ಲ! ಬಹುಕಾಲ ಒತ್ತಡದಲ್ಲಿದ್ದ ಶ್ವಾಸನಾಳದ ಮೃದ್ವಸ್ಥಿ ಮೆತ್ತಗಾಗಿರುತ್ತದೆ. ಅದು ಗಟ್ಟಿಯಾಗಲು ತಿಂಗಳುಗಳೇ ಬೇಕು, ಕೆಲವರಿಗೆ ವರ್ಷಕ್ಕೂ ಹೆಚ್ಚು. ನುಂಗುವ ಕಷ್ಟ ಸಾಮಾನ್ಯವಾಗಿ ಅದಕ್ಕಿಂತ ಬೇಗ ಮಾಯವಾಗುತ್ತದೆ.