ಎರಡು ನದಿಗಳ ನಡುವಣ ಊರು: ಕ್ಯಾಮೆರಾ ಕಂಡದ್ದು, ಕಾಣದೆ ಹೋದದ್ದು

ಮುಂಬಯಿ ಕಡೆಯಿಂದ ರೈಲಿನಲ್ಲಿ ಬರುವವರು ಕೃಷ್ಣೆಯನ್ನು ದಾಟಿದ ಸ್ವಲ್ಪ ಹೊತ್ತಿಗೆ ರಾಯಚೂರನ್ನು ಕಾಣುತ್ತಾರೆ. ಊರು ಬಿಟ್ಟು ಇನ್ನಷ್ಟು ದೂರ ಹೋದರೆ ತುಂಗಭದ್ರೆ. ಹೀಗೆ ಎರಡು ಮಹಾನದಿಗಳ ನಡುವೆ ಇದ್ದರೂ ನಗರದೊಳಗೆ ಒಂದು ನದಿಯೂ ಹರಿಯುವುದಿಲ್ಲ. ಹೊಳೆಯ ದಂಡೆಯ ಊರುಗಳಲ್ಲಿ ಘಾಟಿನ ಮೆಟ್ಟಿಲು, ದೋಣಿ, ಸೇತುವೆ ಎಂದು ಚಿತ್ರಗಳು ತಾವಾಗಿಯೇ ಸಿಗುತ್ತವೆ. ರಾಯಚೂರಿನಲ್ಲಿ ಚಿತ್ರಕ್ಕಾಗಿ ತುಸು ಹುಡುಕಬೇಕು.

ನೀವು ಅಲ್ಲಿಗೆ ಕ್ಯಾಮೆರಾ ಹಿಡಿದು ಹೋದರೆ ಏನನ್ನು ತೆಗೆಯುತ್ತೀರಿ? ಬಹುಶಃ ಕೋಟೆಯ ದ್ವಾರ, 1513ರ ಏಕ್ ಮಿನಾರ್ ಮಸೀದಿಯ ಒಂಟಿ ಮಿನಾರು, ಕೋಟೆಬೆಟ್ಟದ ಬುಡದಲ್ಲಿರುವ ಆಮ್ ತಲಾಬ್. ಈ ಕೆರೆಯನ್ನು ಮಾವಿನಕೆರೆ ಎಂದೂ ಕರೆಯುತ್ತಾರೆ. ಊರಿನಲ್ಲಿ ಖಾಸ್ ಬಾವಿ ಎಂಬುದೂ ಇದೆ. ಎರಡು ಹೆಸರನ್ನೂ ಒಟ್ಟಿಗಿಟ್ಟು ನೋಡಿದರೆ ‘ಖಾಸ್’ ಎಂದರೆ ಸ್ವಂತದ್ದು, ‘ಆಮ್’ ಎಂದರೆ ಎಲ್ಲರದು ಎಂದೇ ನನಗೆ ತೋರುತ್ತದೆ. ಕನ್ನಡದ ಕಿವಿ ಅದನ್ನು ಮಾವಿನಹಣ್ಣಾಗಿ ಕೇಳಿಸಿಕೊಂಡಿತು. ಇರಲಿ, ಇದು ದಾರಿಯಲ್ಲಿ ಬಂದ ಮಾತು.

ನಾನು ತೋರಿಸಬೇಕೆಂದಿರುವುದು ಕೋಟೆಯ ಒಳಗೋಡೆಯಲ್ಲಿರುವ ಒಂದು ಕಲ್ಲನ್ನು. ನಲವತ್ತು ಅಡಿಗೂ ಹೆಚ್ಚು ಉದ್ದದ ಒಂದೇ ಬಂಡೆ. ಅದರ ಮೇಲೆ 1294ರ ತೆಲುಗು ಶಾಸನವಿದೆ. ಕಾಕತೀಯರ ಕಾಲದಲ್ಲಿ ಗೋರೆ ಗನ್ನಯ್ಯ ರೆಡ್ಡಿ ಈ ಕೋಟೆಯನ್ನು ಕಟ್ಟಿಸಿದ ಸಂಗತಿ ತಿಳಿಯುವುದು ಇದರಿಂದಲೇ. ಶಾಸನ ಓದಲು ಬಾರದವರಿಗೂ ಅಲ್ಲೊಂದು ಓದು ಇದೆ. ಇಷ್ಟು ದೊಡ್ಡ ಬಂಡೆಯನ್ನು ಹೇಗೆ ತಂದರು ಎಂಬುದನ್ನು ಆ ಜನ ಕಲ್ಲಿನ ಮೇಲೆಯೇ ಗೆರೆಗಳಲ್ಲಿ ಕೊರೆದಿಟ್ಟಿದ್ದಾರೆ. ಬಂಡಿಯ ಮೇಲೆ ಬಂಡೆ, ಎಳೆಯುವ ಕೋಣಗಳ ಉದ್ದ ಸಾಲು, ಅವನ್ನು ಹುರಿದುಂಬಿಸುವ ಆಳುಗಳು, ಚಕ್ರದ ಬಳಿ ಸನ್ನೆಗೋಲು ಹಿಡಿದು ಬಂಡಿಯನ್ನು ನೂಕುವವರು. ದೇವರಲ್ಲ, ರಾಜನಲ್ಲ, ಕೆಲಸವೇ ಇಲ್ಲಿ ಚಿತ್ರ. ನನ್ನ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ಇದು 1294ರ ಸಾಕ್ಷ್ಯಚಿತ್ರ.

ಆದರೆ ನಡುಮಧ್ಯಾಹ್ನ ಹೋದರೆ ನಿಮಗೆ ಈ ಬಂಡಿ ಸರಿಯಾಗಿ ಕಾಣಿಸದು. ಕೊರೆದ ಗೆರೆಗಳಿಗೆ ಆಳ ಕಡಿಮೆ. ಬೆಳಕು ಎದುರಿನಿಂದ ಬಿದ್ದಾಗ ಗೆರೆಯೂ ಕಲ್ಲೂ ಒಂದೇ ಸಮನೆ ಹೊಳೆಯುತ್ತವೆ. ಬಿಸಿಲು ಗೋಡೆಯನ್ನು ಸವರಿಕೊಂಡು ಓರೆಯಾಗಿ ಹೋಗುವ ಹೊತ್ತಿಗೆ ಕಾಯಿರಿ. ಆಗ ಪ್ರತಿ ಗೆರೆಯ ಒಂದು ಅಂಚಿನಲ್ಲಿ ನೆರಳು ನಿಲ್ಲುತ್ತದೆ, ಕೋಣಗಳು ಒಂದೊಂದಾಗಿ ಎದ್ದು ಬರುತ್ತವೆ. ಬಿಸಿಲಿಗಾಗಿ ಕಾಯಲಾಗದಿದ್ದರೆ ಸಂಜೆ ಕತ್ತಲಾದ ಮೇಲೆ ಒಂದು ಟಾರ್ಚನ್ನು ಗೋಡೆಗೆ ತಾಗಿಸಿದಂತೆ ಹಿಡಿದರೂ ಸಾಕು. ದಯವಿಟ್ಟು ಸುಣ್ಣದ ಬಳಪದಿಂದ ಗೆರೆ ತುಂಬಬೇಡಿ.

ಇದೇ ಕೋಟೆಯ ಕಲ್ಲುಗಳ ಬಗ್ಗೆ ಇನ್ನೊಂದು ಕಥೆಯಿದೆ, ಅದಕ್ಕೆ ಚಿತ್ರವಿಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದಾಗ, ಗೋಡೆಯಿಂದ ಕಲ್ಲು ಕಿತ್ತು ತಂದವರಿಗೆ ಕಲ್ಲಿನ ಗಾತ್ರ ನೋಡಿ ಹಣ ಕೊಡುತ್ತಿದ್ದರೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಕಲ್ಲು ತಂದದ್ದಕ್ಕೆ ಚಿತ್ರ ಉಳಿಯಿತು, ಕಲ್ಲು ಕಿತ್ತದ್ದಕ್ಕೆ ಬರೀ ಮಾತು ಉಳಿಯಿತು.

ಇನ್ನು ನಿಜವಾದ ಛಾಯಾಚಿತ್ರಕ್ಕೆ ಬರೋಣ. ನಮ್ಮ ಭಾಗಕ್ಕೆ ಕ್ಯಾಮೆರಾ ಬಂದದ್ದು ಬಹಳ ಬೇಗ. 1855ರಲ್ಲಿ ಬಾಂಬೆ ಫಿರಂಗಿ ದಳದ ಕ್ಯಾಪ್ಟನ್ ಬಿಗ್ಸ್ ಬಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಚಿತ್ರ ತೆಗೆಯುತ್ತಿದ್ದ. ಮರುವರ್ಷ ಮದ್ರಾಸ್ ಸೇನೆಯ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ ತುಂಗಭದ್ರೆಯ ದಂಡೆಯ ಹಂಪಿಗೆ ಬಂದ. ಆತ ಬಳಸಿದ್ದು ಗಾಜನ್ನಲ್ಲ, ಮೇಣ ಹೀರಿಸಿದ ಕಾಗದವನ್ನು. ಅದರ ಮೇಲೆ ಬೆಳ್ಳಿಯ ಅಯೊಡೈಡಿನ ಲೇಪ. ಬೆಳಕಿಗೆ ಒಡ್ಡಲು ನಿಮಿಷಗಟ್ಟಲೆ ಬೇಕು. ಅಷ್ಟು ಹೊತ್ತಿನಲ್ಲಿ ಎದುರು ಹಾದುಹೋದವರ ಗುರುತು ಕಾಗದದ ಮೇಲೆ ನಿಲ್ಲುವುದೇ ಇಲ್ಲ. ಆ ಕಾಲದ ಚಿತ್ರಗಳಲ್ಲಿ ಬೀದಿಗಳು ಬಿಕೋ ಎನ್ನುವುದು ಜನ ಇರಲಿಲ್ಲವೆಂದಲ್ಲ. ಅವರು ಕದಲದೆ ನಿಲ್ಲಲಿಲ್ಲ, ಅಷ್ಟೇ.

ಗ್ರೀನ್‌ಲಾನ ಚಿತ್ರದಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದಿದೆ. ಈಗ ಅದಿಲ್ಲ. 2017ರಲ್ಲಿ ಬಂದ ಐವತ್ತು ರೂಪಾಯಿಯ ನೋಟನ್ನು ಜೇಬಿನಿಂದ ತೆಗೆದು ನೋಡಿ, ಅಲ್ಲಿರುವುದೂ ಶಿಖರವಿಲ್ಲದ ರಥವೇ. ಆ ಒಂದು ಕಾಗದ ಉಳಿಯದೆ ಹೋಗಿದ್ದರೆ ರಥ ಮೊದಲಿನಿಂದ ಹೀಗೆಯೇ ಇತ್ತೆಂದು ನಾವು ನಂಬಿಬಿಡುತ್ತಿದ್ದೆವು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಏನು ಬಿತ್ತು, ಏನು ನಿಂತಿತು ಎಂಬ ಲೆಕ್ಕ ಸಿಗುತ್ತದೆ.

ನಮ್ಮ ಜಿಲ್ಲೆಗೂ ಇಂಥದೊಂದು ಋಣವಿದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಗುಡ್ಡದಲ್ಲಿ ಬಂಡೆಬರಹವನ್ನು ಕಂಡ. ನಿಜಾಮ್ ಸರ್ಕಾರದ ಪುರಾತತ್ವ ಇಲಾಖೆ ಅದೇ ವರ್ಷ ಅದನ್ನು ಅಚ್ಚಿನ ಪಡಿಯಚ್ಚಿನೊಂದಿಗೆ ಪ್ರಕಟಿಸಿತು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆ ‘ಅಶೋಕ’ ಎಂಬ ಹೆಸರೂ ಅಲ್ಲಿತ್ತು. ಮಸ್ಕಿಯನ್ನು ಎಂದೂ ನೋಡದ ವಿದ್ವಾಂಸರು ಪುಟದ ಮೇಲೆಯೇ ಅದನ್ನು ಓದಿ ಒಪ್ಪಿಕೊಂಡರು.

ಕೋಟೆ, ಶಾಸನಗಳಿಗಾದರೆ ಇಲಾಖೆಗಳಿವೆ. ಉಳಿದದ್ದಕ್ಕೆ? ದೇವದುರ್ಗ ತಾಲ್ಲೂಕಿನ ಗಬ್ಬೂರಿಗೆ ಹೋಗಿ. ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳು ಮನೆಗಳ ನಡುವೆಯೇ ನಿಂತಿವೆ. ನಮ್ಮಂಥವರು ಚಿತ್ರ ತೆಗೆಯುವಾಗ ಮೊದಲು ಮಾಡುವ ಕೆಲಸವೆಂದರೆ ಹಗ್ಗದ ಮೇಲಿನ ಬಟ್ಟೆ, ಕಟ್ಟಿದ ಎಮ್ಮೆ, ಕಟ್ಟೆಯ ಮೇಲೆ ಕೂತ ಹಿರಿಯರನ್ನು ಚೌಕಟ್ಟಿನಿಂದ ಹೊರಗಿಡುವುದು. ಮಾನ್ವಿಯಲ್ಲಿ ಜಗನ್ನಾಥದಾಸರ ಮಂದಿರದ ಎದುರೂ ನಾನು ಅದನ್ನೇ ಮಾಡಿದ್ದೇನೆ. ನಗರದ ಉದ್ಯಾನಗಳಲ್ಲೂ ಅಷ್ಟೆ, ಖಾಲಿ ಹುಲ್ಲು ಮತ್ತು ಕಾರಂಜಿ ಬೇಕು, ಕಡಲೆಕಾಯಿ ಮಾರುವವನು ಬೇಡ. ಗ್ರೀನ್‌ಲಾನ ಕಾಗದಕ್ಕೆ ಜನರನ್ನು ಹಿಡಿಯಲು ಆಗುತ್ತಿರಲಿಲ್ಲ. ನಮ್ಮ ಕ್ಯಾಮೆರಾಗಳಿಗೆ ಆಗುತ್ತದೆ, ಬಿಡುವವರು ನಾವು.

ಇದು ಎಷ್ಟು ದೊಡ್ಡ ತಪ್ಪೆಂದು ನನಗೆ ತಿಳಿದದ್ದು ತಡವಾಗಿ. 2009ರ ಅಕ್ಟೋಬರ್ ಮೊದಲ ವಾರ ತುಂಗಭದ್ರೆ ಉಕ್ಕಿ ಬಂದದ್ದು ನಿಮಗೆ ನೆನಪಿರಬಹುದು. ಮಂತ್ರಾಲಯ ಮುಳುಗಿತು, ನಮ್ಮ ದಂಡೆಯ ಹಳ್ಳಿಗಳೂ ಮುಳುಗಿದವು. ನೀರಿಳಿದ ಮೇಲೆ ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎರಡು ದಿನ ಚಿತ್ರೀಕರಣ ಮಾಡಿದೆವು. ಗೋಡೆಗಳ ಮೇಲೆ ಆಳೆತ್ತರದಲ್ಲಿ ಕೆಸರಿನ ಗೆರೆ, ತೊಯ್ದ ಜೋಳ, ಅರ್ಧ ಬಿದ್ದ ಪಡಸಾಲೆಗಳು. ಪ್ರಸಾರವಾದದ್ದು ಮೂರೋ ನಾಲ್ಕೋ ನಿಮಿಷ. ಉಳಿದ ಟೇಪಿಗೆ ನಾನು ಚೀಟಿ ಅಂಟಿಸಲಿಲ್ಲ. ಟೇಪಿನ ಕೊರತೆ ಇದ್ದ ದಿನಗಳು, ಯಾರೋ ಅದರ ಮೇಲೆ ಇನ್ನೇನನ್ನೋ ಮುದ್ರಿಸಿದರು. ಅವರದೇನೂ ತಪ್ಪಿಲ್ಲ, ಹೆಸರಿಲ್ಲದ ಟೇಪು ಖಾಲಿ ಟೇಪೇ ಸರಿ.

ಕೆಲವು ವರ್ಷಗಳ ಮೇಲೆ ಬೇರೊಂದು ಕೆಲಸಕ್ಕೆ ಅದೇ ಕಡೆ ಹೋಗಿದ್ದೆ. ಊರವರು ಎತ್ತರದ ಜಾಗದಲ್ಲಿ ಸರ್ಕಾರ ಕಟ್ಟಿಸಿದ ಮನೆಗಳಿಗೆ ಬಂದಿದ್ದರು. ಒಬ್ಬ ಮುದುಕ ನನ್ನನ್ನು ಗುರುತು ಹಿಡಿದು ಕೇಳಿದ: “ಸಾಹೇಬ್ರ, ಅವತ್ತ ಹೊಡ್ಕೊಂಡು ಹೋದ್ರೆಲ್ಲ, ನಮ್ಮ ಹಳೇ ಮನಿದು ಏನರ ಐತೇನ್ರಿ? ಮಮ್ಮಕ್ಕಳಿಗೆ ತೋರಸ್ಬೇಕಿತ್ತು.”

ಇಲ್ಲವೆಂದು ಹೇಳಿದೆ. ಆತ ಸಿಟ್ಟಾಗಲಿಲ್ಲ. ನೆಲದ ಮೇಲೆ ಕಡ್ಡಿಯಿಂದ ಒಂದು ಚೌಕ ಎಳೆದ. “ಇದು ಪಡಸಾಲಿ, ಇದು ದನದ ಕೊಟಗಿ, ಇಲ್ಲಿ ನಮ್ಮವ್ವ ಕುಂದ್ರತಿದ್ಲು.”

ಅಂದಿನಿಂದ ಪ್ರತಿ ಟೇಪಿಗೂ, ಈಗ ಪ್ರತಿ ಫೈಲಿಗೂ, ಊರು, ಓಣಿ, ದಿನಾಂಕ ಬರೆಯದೆ ನಾನು ಮುಂದೆ ಹೋಗುವುದಿಲ್ಲ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಆಮ್ ತಲಾಬಿನ ದಂಡೆಯಲ್ಲೋ ಕೋಟೆಯ ಮೆಟ್ಟಿಲ ಮೇಲೋ ತೆಗೆಸಿಕೊಂಡ ಹಳೆಯ ಫೋಟೋ ಇದ್ದರೆ ಹಿಂದೆ ತಿರುಗಿಸಿ ನೋಡಿ. ಬರಹವಿಲ್ಲದಿದ್ದರೆ ಗೊತ್ತಿರುವ ಹಿರಿಯರನ್ನು ಕೇಳಿ, ಪೆನ್ಸಿಲಿನಿಂದ ಹಗುರವಾಗಿ ಬರೆದಿಡಿ. ಬಾಲ್ ಪೆನ್ನು ಬೇಡ, ಒತ್ತು ಮುಂಬದಿಗೆ ಮೂಡುತ್ತದೆ.