ಉಡಿಯಾಗಿನ ಜ್ವಾಳ, ಅಂಗಡಿಯ ಖಾತಿ

ಹೋದ ಸಲ ಸ್ಯಾವಿಗಿ ಮಣಿ ಬಗ್ಗೆ ಬರದಾಗ ನಿಮ್ಮಾಗ ನಾಕೈದು ಮಂದಿ ‘ಹಿಂದಿನ ಸಂತಿ, ಅಂಗಡಿ ಬಗ್ಗೆನೂ ಬರೀರಿ’ ಅಂದಿದ್ರಿ. ಅದನ್ನ ಇವತ್ತ ಬರಿಯಾಕ ಕುಂತೀನಿ.

ಹಿಂದಿನ ಅಂಗಡಿ ಸುದ್ದಿ ತಗದ್ರ ನಮ್ಮ ಮನೀ ಗಂಡಸರು ಒಂದ ಮಾತ ಹೇಳತಾರ: ‘ಆಗ ರೂಪಾಯಿಗೆ ಚೀಲ ತುಂಬತಿತ್ತು.’ ತುಂಬತಿತ್ತು, ಖರೆ. ಆದ್ರ ಆ ರೂಪಾಯಿ ಯಾರ ಕಿಸೆದಾಗ ಇತ್ತು ಅಂತ ಯಾರೂ ಕೇಳೋದಿಲ್ಲ. ನಮ್ಮ ಆಯಿ ಸೀರಿಗೆ ಕಿಸೆ ಇರಲಿಲ್ಲ. ಆಕಿ ಕೈಯಾಗ ರೊಕ್ಕನೂ ಇರತಿದ್ದಿಲ್ಲ. ಆದ್ರೂ ಆಕಿ ವ್ಯಾಪಾರ ಮಾಡತಿದ್ಲು, ಅದೂ ಭಾಳ ಗಟ್ಟಿ ವ್ಯಾಪಾರ. ಅದು ಹೆಂಗ ನಡೀತಿತ್ತು ಅನ್ನೋದನ್ನ ನನಗ ತಿಳದಷ್ಟು ಹೇಳತೀನಿ.

ನಮ್ಮ ಬಾಗೇವಾಡಿ ಜಗತ್ತಿಗೆಲ್ಲಾ ಬಸವಣ್ಣನವರು ಹುಟ್ಟಿದ ಊರು. ಸುತ್ತಲಿನ ಹಳ್ಳಿಯವರಿಗೆ ಮಾತ್ರ ಅದು ಪ್ಯಾಟಿ. ಮನಗೂಳಿ, ಹೂವಿನ ಹಿಪ್ಪರಗಿ, ನಿಡಗುಂದಿ, ಕೊಲ್ಹಾರದ ಕಡಿಯವರಿಗೂ ತಮ್ಮ ತಮ್ಮ ಸಂತಿ ಇದ್ರೂ, ಮದವಿ ಮುಂಜಿವಿ ಅಂದ್ರ ಇನ್ನೊಂದ ದೊಡ್ಡ ಬಜಾರಕ್ಕ ಹೋಗಬೇಕಾಗತಿತ್ತು. 1956ರ ನವೆಂಬರ್ 1ರ ತನಕ ನಾವು ಮುಂಬಯಿ ರಾಜ್ಯದಾಗ ಇದ್ದವರು. ಅದಕ್ಕ ನಮ್ಮ ಅಂಗಡಿ ಮಾತಿನ್ಯಾಗ ಮರಾಠಿ, ಹಿಂದಿ ಗಾಳಿ ಇನ್ನೂ ಐತಿ: ಉದ್ರಿ, ಕಿರಾಣಿ, ಅಡತ, ಕಿರ್ದಿ, ಚಾರಾಣೆ, ಆಠಾಣೆ. ಸಾಮಾನು ಬರತಿದ್ದದ್ದೂ ಹೆಚ್ಚಾಗಿ ಸೊಲ್ಲಾಪುರದ ದಾರಿಲಿಂದ. ಹೊಟಗಿಯಿಂದ ಗದಗಿನ ತನಕ ಮೀಟರ್ ಗೇಜ್ ರೈಲು 1884ರಾಗ ಶುರು ಆತು. ನಮ್ಮೂರ ಹೆಸರಿನ ಸ್ಟೇಶನ್ನು ನಮ್ಮೂರಾಗ ಇಲ್ಲ, ತೆಲಗಿಯಾಗ ಐತಿ, ‘ಬಸವನ ಬಾಗೇವಾಡಿ ರೋಡ್’ ಅಂತ ಬೋರ್ಡ ಹಾಕ್ಯಾರ. ಅಲ್ಲಿ ಇಳದ ಸಾಮಾನು ಚಕ್ಕಡಿ ಏರಿ ಊರಿಗೆ ಬರತಿತ್ತು.

ಹಂಗಂತ ಮನಿಗೆ ಬೇಕಾದದ್ದೆಲ್ಲಾ ಅಂಗಡಿಲಿಂದ ಬರತಿತ್ತು ಅಂತ ತಿಳಕೋಬ್ಯಾಡ್ರಿ. ಜ್ವಾಳ, ತೊಗರಿ, ಕಡ್ಲಿ ಹೊಲದ್ದು. ಎಣ್ಣಿ ಅಂದ್ರ ನಮ್ಮ ಕುಸಬಿ ಗಾಣಕ್ಕ ಹೋಗಿ ಬಂದದ್ದು. ಖಾರ ಕುಟ್ಟೋದು ಮನ್ಯಾಗ. ಅಂಗಡಿಲಿಂದ ಬರೋದು ಉಪ್ಪು, ಬೆಲ್ಲ, ಚಾಪುಡಿ, ಒಂದೀಟು ಸಕ್ರಿ, ಕೊಬ್ಬರಿ, ಉತ್ತತ್ತಿ, ಕಡ್ಡಿಪೆಟಗಿ, ಚಿಮಣಿ ಎಣ್ಣಿ, ಅರಿಶಿಣ ಕುಂಕುಮ, ಬಟ್ಟಿ ಒಗಿಯೋ ಸಬಕಾರ. ಡಾಲ್ಡಾ ಬಂದದ್ದು 1937ರಾಗ. ತುಪ್ಪ ಇದ್ದ ಮನಿಯವರು ಅದನ್ನ ಹಳೀತಿದ್ರು, ಆದ್ರ ಅದರ ಖಾಲಿ ಡಬ್ಬಿಯಾಗ ತುಳಸಿ ಹಚ್ಚದ ಮನಿ ಇರಲಿಲ್ಲ.

ಇನ್ನ ಅಳತಿ. ಸರ್ಕಾರಿ ತೂಕದ ಸೇರು ಅಂದ್ರ 80 ತೊಲಿ, ಈಗಿನ ಲೆಕ್ಕದಾಗ ಸುಮಾರು 933 ಗ್ರಾಂ. ಅದರಾಗ 16 ಚಟಾಕು, ಚಟಾಕಿಗೆ 5 ತೊಲಿ. ಆದ್ರ ಕಾಳು ಅಳಿಯೋ ಸೇರು ಬ್ಯಾರೆನೇ. ಅದು ತೂಕ ಅಲ್ಲ, ಪಾತ್ರಿ, ಮತ್ತ ಊರಿಂದ ಊರಿಗೆ ಅದರ ಹೊಟ್ಟಿ ಸಣ್ಣದು ದೊಡ್ಡದು ಆಗತಿತ್ತು. ಅದಕ್ಕ ‘ಎಷ್ಟ ಸೇರು?’ ಅಂತ ಕೇಳೋಕಿಂತ ಮದಲ ‘ಯಾರ ಸೇರು?’ ಅಂತ ಕೇಳಬೇಕಿತ್ತು. ಜ್ವಾಳ ಅಳಿವಾಗ ಮದಲನೇದಕ್ಕ ‘ಒಂದು’ ಅಂತಿದ್ದಿಲ್ಲ, ‘ಲಾಭ’ ಅಂತಿದ್ರು. ಲಾಭ, ಎರಡು, ಮೂರು... ಹಿಂಗ ಹೋಗತಿತ್ತು ಎಣಿಕಿ. ಸೇರಿನ ಮ್ಯಾಲೆ ಗೋಪುರದಂಗ ರಾಶಿ ಬರಬೇಕೋ, ಕೈಲೆ ಸವರಿ ಸಮ ಮಾಡಬೇಕೋ ಅನ್ನೋದರ ಮ್ಯಾಲೆ ಅರ್ಧ ತಾಸು ಜಗಳ. ಆ ಜಗಳದಾಗ ನಮ್ಮ ಹೆಂಗಸರನ್ನ ಯಾರೂ ಸೋಲಿಸತಿದ್ದಿಲ್ಲ.

ಅಳದದ್ದೆಲ್ಲಾ ಮುಗದ ಮ್ಯಾಲೆ ಕೊಸರು. ಬೆಲ್ಲ ತಗೊಂಡ್ರ ಒಂದ ಚೂರು, ಪುಟಾಣಿ ತಗೊಂಡ್ರ ಒಂದ ಹಿಡಿ, ಕಾಯಿಪಲ್ಲೆ ತಗೊಂಡ್ರ ಎರಡ ಹಸಿ ಮೆಣಸಿನಕಾಯಿ, ನಾಕ ಎಸಳು ಕೊತ್ತಂಬರಿ. ಅದು ಬೇಡಿ ತಗೊಳ್ಳೋದಲ್ಲ, ಹಕ್ಕಲೇ ತಗೊಳ್ಳೋದು. ‘ಕೊಸರು ಹಾಕ್ರಿ’ ಅಂದ್ರ ‘ನಾಳಿನೂ ನಿಮ್ಮ ಅಂಗಡಿಗೇ ಬರತೀನಿ’ ಅಂತ ಅದರ ಅರ್ಥ. ಕೂಸನ್ನ ಬಗಲಾಗ ಹೊತಗೊಂಡು ಹೋದ್ರ ಆ ಕೂಸಿನ ಕೈಯಾಗ ಒಂದ ಬೆತ್ತಾಸ ಬೀಳತಿತ್ತು.

ಈಗ ಮುಖ್ಯ ಮಾತಿಗೆ ಬರತೀನಿ. ರೊಕ್ಕ ಇಲ್ಲದ ಹೆಂಗಸು ಏನ ಕೊಟ್ಟು ಕೊಳ್ಳತಿದ್ಲು? ಜ್ವಾಳ ಕೊಟ್ಟು. ಓಣಿಯಾಗ ಬಳಿಗಾರ ಬಂದ್ರ ಜ್ವಾಳ, ಉಳ್ಳಾಗಡ್ಡಿ ಬುಟ್ಟಿ ಬಂದ್ರ ಜ್ವಾಳ, ಗಡಗಿ ಮಾರಾಕ ಬಂದ್ರ ಜ್ವಾಳ. ಬಡಿಗ್ಯಾರು, ಕಮ್ಮಾರರಿಗೆ ಸುಗ್ಗಿಯಾಗ ಕಣದಾಗ ಆಯ ಕೊಡತಿದ್ರಲ್ಲ, ಅದು ಗಂಡಸರ ಲೆಕ್ಕ, ನಾಕ ಮಂದಿ ಮುಂದ ಆಗೋದು. ಹೆಂಗಸರ ಲೆಕ್ಕ ಅಡಗಿ ಮನಿ ಗಡಗಿಯಾಗಿನ ಜ್ವಾಳದ್ದು, ಉಡಿಯಾಗ ಕಟಗೊಂಡು ಹಿತ್ತಲ ಬಾಗಲಲಿಂದ ಹೋಗೋದು. ಹಗೇವು ತಗಿಯೋದು ಗಂಡಸರ ಕೈಯಾಗ ಇತ್ತು. ಆದ್ರ ಗಡಗಿಯಾಗ ಎಷ್ಟ ಉಳೀತು, ಎಷ್ಟ ಬೀಸಿದ್ವಿ ಅನ್ನೋದು ಅತ್ತಿ ಸೊಸಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಆ ಗಡಗೀನೇ ಅವರ ಬ್ಯಾಂಕು.

ಇದರಾಗ ನಷ್ಟ ಇರಲಿಲ್ಲ ಅಂತ ಅಲ್ಲ. ಉಡಿಯಾಗ ಜ್ವಾಳ ತಂದವರಿಗೆ ಅಂಗಡ್ಯಾಂವ ಬಜಾರ ಧಾರಣಿ ಹಿಡೀತಿದ್ದಿಲ್ಲ, ಕಮ್ಮಿನೇ ಹಿಡಿಯಾಂವ. ಮನ್ಯಾಗ ಹೇಳದ ತಂದದ್ದು ಅಂತ ಅವನಿಗೂ ಗೊತ್ತು. ಜಗಳ ತಗದ್ರ ಸುದ್ದಿ ಮನಿಗೆ ಮುಟ್ಟತೈತಿ ಅಂತ ಆಕಿಗೂ ಗೊತ್ತು. ಆ ಅಂಜಿಕಿಯ ಬೆಲಿ ಎಷ್ಟು ಅಂತ ಯಾವ ತಕ್ಕಡಿಯಾಗೂ ತೂಗಿಲ್ಲ.

ಇನ್ನೊಂದು ಹೆಂಗಸರ ದುಡ್ಡು ಹೈನದ್ದು. ಮಜ್ಜಗಿ ಮಾರತಿದ್ದಿಲ್ಲ, ಕೇಳಿದವರಿಗೆ ಹಂಗೇ ಕೊಡೋದು. ಬೆಣ್ಣಿ, ತುಪ್ಪ ಮಾತ್ರ ರೊಕ್ಕ. ಕೊಲ್ಹಾರದ ಗಡಗಿ ಮೊಸರಿನ ಹೆಸರು ಈಗ ಎಲ್ಲಾ ಕಡೆ ಐತಿ. ಅದರ ಹಿಂದ ಎಮ್ಮಿ ಸೆಗಣಿ ಬಳದು, ಹಾಲು ಕಾಸಿ, ಹೆಪ್ಪು ಹಾಕಿದ ಕೈ ಎಷ್ಟ ಅದಾವು ಅಂತ ಒಮ್ಮೆ ನೆನಸ್ರಿ.

ಮನಿಗೆ ಎಷ್ಟ ಬೇಕು, ಎಷ್ಟ ಹೆಚ್ಚಾತು ಅನ್ನೋ ಲೆಕ್ಕ ನಮ್ಮ ಹೆಂಗಸರಿಗೆ ಹೊಸಾದಲ್ಲ. ಬಸವಣ್ಣನವರ ಕಾಲದ ಆಯ್ದಕ್ಕಿ ಲಕ್ಕಮ್ಮನ ಕತಿ ನಿಮಗೆಲ್ಲಾ ಗೊತ್ತೈತಿ. ಗಂಡ ಮಾರಯ್ಯ ದಿನಕ್ಕಿಂತ ಹೆಚ್ಚಿಗಿ ಅಕ್ಕಿ ಆಯ್ಕೊಂಡು ಬಂದಾಗ, ‘ಇದು ನಮ್ಮದಲ್ಲ, ತಿರುಗಿ ಸುರದು ಬಾ’ ಅಂತ ಕಳಿಸಿದಾಕಿ ಆಕಿ. ಅಳತಿ ಅನ್ನೋದು ಬರೇ ಅಂಗಡಿ ಕೆಲಸ ಅಲ್ಲ ಅಂತ ತೋರಿಸಿದಾಕಿ.

ಈಗ ಉದ್ರಿ. ಅಂಗಡಿ ಗ್ವಾಡಿ ಮ್ಯಾಲೆ ‘ಇಂದು ನಗದು, ನಾಳೆ ಉದ್ರಿ’ ಅಂತ ಬರದಿರತಿತ್ತು. ಅದರ ಕೆಳಗೇ ಕುಂತು ಸಾವ್ಕಾರ್ರು ಕೆಂಪ ಅರಿವಿ ಹೊದಿಕಿಯ ಉದ್ದನ ಪುಸ್ತಕದಾಗ ಉದ್ರಿ ಬರಕೋತಿದ್ರು. ಸುಗ್ಗಿ ತನಕ ಬರಿಯೋದು, ರಾಶಿ ಆದ ಮ್ಯಾಲೆ ಮುಟ್ಟಿಸೋದು. ದೀಪಾವಳಿ ಪಾಡ್ಯಕ್ಕ ಅಂಗಡಿಯಾಗ ಲಕ್ಷ್ಮೀ ಪೂಜಿ, ಹೊಸ ಪುಸ್ತಕಕ್ಕ ಅರಿಶಿಣ ಕುಂಕುಮ. ಬಾಕಿ ಇದ್ದವರನ್ನೂ ಫಳಾರಕ್ಕ ಕರೀತಿದ್ರು. ಕರಿಯೋದು ಪ್ರೀತಿಲೇನೂ ಹೌದು, ನೆನಪ ಮಾಡಾಕನೂ ಹೌದು.

ಆ ಪುಸ್ತಕದಾಗ ಹೆಂಗಸರ ಹೆಸರು ಹುಡುಕಿದ್ರ ಸಿಗೋದು ಕಠಿಣ. ಸಾಮಾನು ಒಯ್ಯಾಕಿ ಆಕಿ, ಹೆಸರು ಗಂಡಂದು. ಗಂಡ ಇಲ್ಲದಾಕಿಗೆ? ನಮ್ಮ ದೊಡ್ಡವ್ವ ಒಬ್ಬಾಕಿ ಸಣ್ಣ ವಯಸ್ಸಿನ್ಯಾಗ ಗಂಡನ್ನ ಕಳಕೊಂಡ್ಲು. ದಿನಾ ಹೋಗೋ ಅಂಗಡಿಯಾಗ ‘ಇನ್ನ ಯಾರ ಹೆಸರಿಗೆ ಬರೀಲಿ ಬೇ?’ ಅಂತ ಕೇಳಿದ್ರಂತ. ಕಡೀಕ ಆಕಿ ಮಗನ ಹೆಸರಿಗೆ ಬರದ್ರು. ಆ ಮಗನಿಗೆ ಆಗ ಆರ ವರ್ಷ, ಇನ್ನೂ ಅ ಆ ತಿದ್ದತಿದ್ದ. ಮುಂದ ಹತ್ತ ಹನ್ನೆರಡ ವರ್ಷ ದೊಡ್ಡವ್ವ ಬೆಣ್ಣಿ ಮಾರಿ, ಸ್ಯಾವಿಗಿ ಹೊಸದು, ಮಂದಿ ಮನಿ ಹಪ್ಪಳ ಲಟ್ಟಿಸಿ ಆ ಬಾಕಿ ಮುಟ್ಟಿಸಿದ್ಲು. ಪುಸ್ತಕದ ಪ್ರಕಾರ ಮುಟ್ಟಿಸಿದಾಂವ ಮಗ. ಆಕಿ ಇದನ್ನ ಅಳಕೋತ ಹೇಳತಿದ್ದಿಲ್ಲ, ನಕ್ಕೋತ ಹೇಳತಿದ್ಲು. ಅದಕ್ಕೇ ನನಗ ಮರೆಯಾಕ ಆಗಿಲ್ಲ.

ಸಾವ್ಕಾರ್ರನ್ನ ಬರೇ ಬೈದ್ರ ಅದೂ ಖರೆ ಆಗೋದಿಲ್ಲ. 1972ರ ಬರ ನಿಮ್ಮಾಗ ಹಿರ್ಯಾರಿಗೆ ನೆನಪೈತಿ. ನಮ್ಮ ಜಿಲ್ಲಾದ ಬಿಳಿಜ್ವಾಳ ಕಾಣದಂಗ ಆಗಿ, ಕಂಟ್ರೋಲ್ ಅಂಗಡಿಯಾಗ ಕೆಂಪ ಮಿಲೋ ಜ್ವಾಳಕ್ಕ ಪಾಳಿ ಹಚ್ಚಿದ ಕಾಲ. ರೊಟ್ಟಿ ಬಡಿಯಾಕ ಹೋದ್ರ ಹರೀತಿತ್ತು, ಬಣ್ಣ ನೋಡಿ ಹುಡುಗರು ಮುಖ ತಿರುವತಿದ್ವು ಅಂತ ನಮ್ಮವ್ವ ಹೇಳತಿದ್ಲು. ಗಡಗಿಯಾಗ ಜ್ವಾಳನೇ ಇಲ್ಲ ಅಂದ ಮ್ಯಾಲೆ ಉಡಿಯಾಗ ಏನ ಕಟಗೋಬೇಕು? ಆವಾಗ ಮುಂದಿನ ವರ್ಷದ ನಂಬಿಕಿ ಮ್ಯಾಲೆ ಬೆಲ್ಲ, ಚಾಪುಡಿ, ಎಣ್ಣಿ ಕೊಟ್ಟ ಅಂಗಡಿಯವರೂ ಇದ್ರು. ಊರ ಗುರುತು ಅನ್ನೋದು ಉಪ್ಪಿನಂಗ ಇತ್ತು ನೋಡ್ರಿ, ಇದ್ರ ರುಚಿ, ಹೆಚ್ಚಾದ್ರ ಗಂಟಲಕ್ಕ ಹತ್ತೋದು.

ಬಟ್ಟಿ ವ್ಯಾಪಾರ ಅಂತೂ ಇನ್ನೊಂದು ಲೋಕ. ದೊಡ್ಡ ಮನಿ ಹೆಂಗಸರು ಜವಳಿ ಅಂಗಡಿ ಮೆಟ್ಟಲಾ ಹತ್ತತಿದ್ದಿಲ್ಲ. ಗಂಟು ಹೊತ್ತ ವ್ಯಾಪಾರಿನೇ ಪಡಸಾಲಿಗೆ ಬರತಿದ್ದ. ಒಬ್ಬರ ಮನ್ಯಾಗ ಗಂಟು ಬಿಚ್ಚಿದ್ರ ಓಣಿ ಎಲ್ಲಾ ಅಲ್ಲೇ. ಇಳಕಲ್ಲ ಸೀರಿ ಬಂದ್ರ ಮದಲ ಸೆರಗ ತಿರುವಿ ನೋಡೋದು. ಮೈ ಬ್ಯಾರೆ, ಸೆರಗ ಬ್ಯಾರೆ ಹಾಸ ಹಾಕಿ, ಎಳಿ ಎಳಿ ಕೊಂಡಿ ಹಾಕಿ ಕೂಡಿಸಿರತಾರಲ್ಲ, ಆ ಕೊಂಡಿ ಗಟ್ಟಿ ಐತೋ ಇಲ್ಲೋ ಅಂತ ಉಗುರಲೇ ನೋಡೋರು. ಟೋಪತೆನಿ ಸೆರಗ ಇಲ್ಲಂದ್ರ ಅದು ಮದವಿ ಸೀರಿನೇ ಅಲ್ಲ. ಅದಕ್ಕ ಜೋಡಿ ಗುಳೇದಗುಡ್ಡದ ಖಣ. ಒಂದ ಖಣ ಎಷ್ಟ ಮಂದಿ ಉಡಿ ತುಂಬಿ, ಎಷ್ಟ ಮನಿ ತಿರುಗಿ, ಕಡೀಕ ಯಾರ ಕುಪ್ಪಸ ಆಗತಿತ್ತು ಅಂತ ಹೇಳಾಕ ಬರತಿದ್ದಿಲ್ಲ. ಅದೂ ಒಂದ ನಮೂನಿ ಹೆಂಗಸರ ನೋಟೇ. ಎರಡನೇ ಮಹಾಯುದ್ಧದ ಹೊತ್ತಿನ್ಯಾಗ ಅರಿವಿಗೂ ಕಂಟ್ರೋಲ್ ಬಂದಾಗ ಹಳೀ ಸೀರಿ ಹರದು ಕೌದಿ ಹೊಲಿಯೋದನ್ನೂ ಮುಂದ ಹಾಕಿ, ಅದನ್ನೇ ತ್ಯಾಪಿ ಹಚ್ಚಿ ಉಟ್ಟವರು ನಮ್ಮ ಹಿರ್ಯಾರು.

ವರ್ಷಕ್ಕೊಮ್ಮೆ ಮಾತ್ರ ಹೆಂಗಸರು ತಾವೇ ಹೋಗಿ, ಕೈಲೆ ಮುಟ್ಟಿ ಕೊಳ್ಳೋ ಜಾಗ ಅಂದ್ರ ಜಾತ್ರಿ. ಶ್ರಾವಣದಾಗ ನಮ್ಮ ಬಸವೇಶ್ವರ ಜಾತ್ರಿ, ಸಂಕ್ರಮಣಕ್ಕ ವಿಜಯಪುರದ ಸಿದ್ಧೇಶ್ವರ ಜಾತ್ರಿ. ಬಳಿ, ಬೆಂಡು ಬೆತ್ತಾಸ, ಹಿತ್ತಾಳಿ ಚರಗಿ, ಹುಡುಗರಿಗೆ ತುತ್ತೂರಿ. ದೇವರ ಹೆಸರಲೇ ಹೋದದ್ದರಿಂದ ಯಾರೂ ‘ಯಾಕ ಹೋಗಿದ್ದಿ?’ ಅಂತಿದ್ದಿಲ್ಲ.

ಈ ಲೋಕ ಒಮ್ಮೆಲೆ ಹೋಗಲಿಲ್ಲ. 1957ರ ಏಪ್ರಿಲ್ 1ಕ್ಕ ನಯಾ ಪೈಸೆ ಬಂತು. ಅದಕ್ಕಿಂತ ಮದಲ ರೂಪಾಯಿಗೆ 16 ಆಣೆ, 64 ಪೈಸೆ. ಈಗ 100 ಪೈಸೆ. ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಕಾಣೆಗೆ 25 ಅಂತ ಸರ್ಕಾರ ಪಟ್ಟಿ ಮಾಡ್ತು. ಸಾಲಿ ಕಲಿಯದ ಹೆಂಗಸು ಇದನ್ನ ಹೆಂಗ ತಿಳಕೋಬೇಕು? ತಿಳಕೊಂಡ್ರು. ಒಂದೊಂದಾಣೆದು ನಾಕ ಸಲ ತಗೊಂಡ್ರ 24, ಒಮ್ಮೆಲೆ ನಾಕಾಣೆದು ತಗೊಂಡ್ರ 25. ಹಂಗಾದ್ರ ಬಿಡಿಬಿಡಿಯಾಗಿ ತರೋದೇ ಪಾಡ! 1958ರಿಂದ ಹಂತ ಹಂತವಾಗಿ ಕಿಲೋ ಬಂತು, ಸೇರು ಹೋತು. ಸೇರು ಹೋದ ಮ್ಯಾಲೆ ತಕ್ಕಡಿ ಅಂಗಡ್ಯಾಂವನ ಕೈಯಾಗ ಉಳೀತು. ಗೋಪುರ, ಸಮ ಅನ್ನೋ ಜಗಳನೂ ಮುಗೀತು. ಆಮ್ಯಾಲೆ ಪುಡಿಕಿ ಬಂದ್ವು, ಪಾಕೀಟಿನ ಮ್ಯಾಲೆ ಬೆಲಿ ಅಚ್ಚಾತು. 1990ರಿಂದ ಎಲ್ಲಾ ತೆರಿಗಿ ಸೇರಿದ ಗರಿಷ್ಠ ಬೆಲಿ ಹಾಕಬೇಕು ಅಂತ ಆತು. ಅದರಿಂದ ಮೋಸ ಕಮ್ಮಿ ಆತು, ಒಪ್ಪತೀನಿ. ಕೊಸರು ಕೇಳೋ ಬಾಯಿನೂ ಮುಚ್ಚಿತು.

ಜ್ವಾಳ ರೊಕ್ಕ ಆಗೋದು ನಿಂತಾಗ ಹೆಂಗಸರಿಗೆ ಆದ ಹಾನಿ ಯಾರೂ ಬರದಿಲ್ಲ. ಎಲ್ಲಾದಕ್ಕೂ ನೋಟೇ ಬೇಕು ಅಂದ ಮ್ಯಾಲೆ, ನೋಟಿದ್ದ ಕಿಸೆ ಯಾರದೋ ಬಜಾರ ಅವರದೇ ಆತು. ನಡುವ ಎಷ್ಟೋ ವರ್ಷ ಗಡಗಿನೂ ನಮ್ಮ ಬ್ಯಾಂಕಾಗಿ ಉಳೀಲಿಲ್ಲ, ಬ್ಯಾಂಕೂ ನಮ್ಮದಾಗಲಿಲ್ಲ. 2000ದ ಹೊತ್ತಿಗೆ ಸ್ತ್ರೀಶಕ್ತಿ ಸಂಘ ಬಂದು, ವಾರಕ್ಕ ಹತ್ತ ಇಪ್ಪತ್ತ ರೂಪಾಯಿ ಕೂಡಿಸಿದಾಗ ಮದಲ ಸಲ ಎಷ್ಟೋ ಮಂದಿ ತಮ್ಮ ಹೆಸರನ್ನ ಪುಸ್ತಕದಾಗ ನೋಡಿದ್ರು. 2023ರ ಜೂನ್‌ದಾಗ ಬಸ್ಸಿನ ತಿಕೀಟು ಬಿಟ್ಟಾತು, ಆಗಸ್ಟದಾಗ ಗೃಹಲಕ್ಷ್ಮಿ 2000 ರೂಪಾಯಿ ಮನೀ ಒಡತಿ ಹೆಸರಿಗೇ ಬರಾಕ ಶುರು ಆತು. ಆ ಯೋಜನಾ ಸರಿನೋ ತಪ್ಪೋ ಅಂತ ಗಂಡಸರು ಕಟ್ಟಿ ಮ್ಯಾಲೆ ಕುಂತು ಮಾತಾಡಲಿ. ನಾನು ನೋಡಿದ್ದು ಇಷ್ಟ: ಹಿತ್ತಲ ಬಾಗಲಲಿಂದ ಹೋಗತಿದ್ದವರ ಮನಿ ಹೆಣಮಕ್ಕಳು ತಲಬಾಗಲಲಿಂದ ಹೋಗಿ, ವಿಜಯಪುರದಾಗ ಎರಡ ಅಂಗಡಿ ತಿರುಗಿ, ಧಾರಣಿ ನೋಡಿ ತಗೊಂಡು ಬರಾಕತ್ತ್ಯಾರ.

ಅಂಗಡಿಯ ಪುಸ್ತಕಕ್ಕೂ ಖಾತಿ ಅಂತಿದ್ರು, ಬ್ಯಾಂಕಿಂದಕ್ಕೂ ಖಾತಿ ಅಂತೀವಿ. ಶಬ್ದ ಒಂದೇ, ಮ್ಯಾಲಿನ ಹೆಸರು ಬ್ಯಾರೆ. ಹಿಂದಿನ ಬಜಾರದ ಪ್ರೀತಿ, ಕೊಸರು, ಗುರುತು ನೆನಸಿ ನಾವು ಹಳಹಳಿಸೋದು ತಪ್ಪಲ್ಲ. ಆದ್ರ ಅದರ ಜೋಡಿ ಆರ ವರ್ಷದ ಹುಡುಗನ ಹೆಸರಿನ್ಯಾಗ ಬಾಕಿ ಮುಟ್ಟಿಸಿದಾಕಿನೂ ನೆನಪಿರಲಿ.

ನಿಮ್ಮ ಮನ್ಯಾಗ ಇನ್ನೂ ಸೇರು, ಚಟಾಕು ಇಟ್ಟಿದ್ರ ಬೂದಿ ಹಚ್ಚಿ ತಿಕ್ಕಿ ಇಡ್ರಿ, ಗುಜರಿಗೆ ಹಾಕಬ್ಯಾಡ್ರಿ. ಮತ್ತ ನಿಮ್ಮ ಆಯಿ, ಅತ್ತಿಯವರು ಗಡಗಿ ಜ್ವಾಳ ಕೊಟ್ಟು ಏನೇನ ಕೊಂಡಿದ್ರು ಅಂತ ಈ ಹಬ್ಬದಾಗ ಕುಂತು ಕೇಳ್ರಿ. ಅವರು ಮದಲ ‘ಏನಿಲ್ಲ ಬಿಡವಾ’ ಅಂತಾರ. ಒಂದ ಕಪ್ ಚಾ ಕೊಟ್ಟು ಮತ್ತೊಮ್ಮೆ ಕೇಳ್ರಿ.