ಯೆತೆರ್: ‘ಸಾಕು’ ಎಂಬ ಹೆಸರು

ತುರ್ಕಿಯ ಹಳ್ಳಿಗಳಲ್ಲಿ, ಸಾಲಾಗಿ ಹೆಣ್ಣುಮಕ್ಕಳೇ ಹುಟ್ಟಿದ ಮನೆಗಳಲ್ಲಿ, ಇನ್ನೊಂದು ಹೆಣ್ಣು ಹುಟ್ಟಿದಾಗ ಇಡುತ್ತಿದ್ದ ಹೆಸರು ಯೆತೆರ್. ಅರ್ಥ, ‘ಸಾಕು’. ಆಯ್ಶೆ, ಫಾತ್ಮಾಗಳಂತೆ ಇದು ಅರಬ್ಬಿಯಿಂದ ಬಂದದ್ದಲ್ಲ. ‘ಸಾಕಾಗು’ ಎಂಬರ್ಥದ ಅಚ್ಚ ತುರ್ಕಿ ಧಾತು ‘ಯೆತ್’ಗೆ ‘ಎರ್’ ಪ್ರತ್ಯಯ ಸೇರಿ ಆದ ಕ್ರಿಯಾಪದ. ಇದರ ಒಡಹುಟ್ಟುಗಳೂ ಇವೆ. ಸೊಂಗ್ಯುಲ್ ಎಂದರೆ ಕೊನೆಯ ಗುಲಾಬಿ. ದ್ಯೊಂದ್ಯು ಎಂದರೆ ‘ತಿರುಗಿತು’. ಮುಂದಿನದಾದರೂ ಗಂಡಾಗಲಿ ಎಂಬ ಹಾರೈಕೆ.

ಇದೇ ಪ್ರತ್ಯಯದಿಂದ ಯಶರ್ ಎಂಬ ಹೆಸರೂ ಆಗಿದೆ. ಮಕ್ಕಳು ಉಳಿಯದ ಮನೆಗಳಲ್ಲಿ, ಹೆಚ್ಚಾಗಿ ಗಂಡುಮಗುವಿಗೆ ಇಟ್ಟದ್ದು. ಕನ್ನಡಕ್ಕೆ ತರುವಾಗ ‘ಬದುಕುತ್ತಾನೆ’, ‘ಬದುಕುತ್ತಾಳೆ’ ಎರಡರಲ್ಲಿ ಒಂದನ್ನು ಆರಿಸಬೇಕು. ತುರ್ಕಿ ಭಾಷೆಗೆ ಆ ಗೊಡವೆಯಿಲ್ಲ. ಅದರ ವ್ಯಾಕರಣದಲ್ಲಿ ಲಿಂಗಭೇದವೇ ಇಲ್ಲ. ವ್ಯಾಕರಣ ಮಾಡದ ಭೇದವನ್ನು ಹೆಸರಿಟ್ಟವರು ಮಾಡಿದರು.

1950ರ ಚುನಾವಣೆಯಲ್ಲಿ ಡೆಮಾಕ್ರಟ್ ಪಕ್ಷದ ಘೋಷಣೆ ಶುರುವಾದದ್ದು ಇದೇ ಪದದಿಂದ: ಯೆತೆರ್, ಇನ್ನು ಮಾತು ಜನರದು. 27 ವರ್ಷ ಅಧಿಕಾರದಲ್ಲಿದ್ದ ಪಕ್ಷ ಸೋತಿತು. ಅಲ್ಲಿ ಸಾಕು ಎಂದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಹುಡುಗಿಯ ಹೆಸರಿನಲ್ಲಿ ಆ ಕರ್ತೃಪದವಿಲ್ಲ. ಸಾಕೆಂದವರು ಬೇರೆ, ಕರೆದಾಗಲೆಲ್ಲ ಓಗೊಡಬೇಕಾದವಳು ಮಾತ್ರ ಅವಳು.